ನಿಮಗಿದು ಗೊತ್ತೇ? ಮಲಗಿದ ಲಿನಕ್ಸ್ ಏಳದಿದ್ದಾಗ

● ಚಂದ್ರನ ಮೇಲೆ ಇಳಿಯುವ ತಾಲೀಮು ನಡೆದದ್ದು ಚಳ್ಳಕೆರೆ ತಾಲ್ಲೂಕಿನಲ್ಲಿ. ಚಂದ್ರಯಾನ-2ರ ಲ್ಯಾಂಡರಿನ ಸೆನ್ಸರುಗಳನ್ನು ಪರೀಕ್ಷಿಸಲು ಇಸ್ರೋ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳಂಥ ಗುಂಡಿ ತೋಡಿಸಿ, ಅವುಗಳ ಮೇಲೆ ವಿಮಾನ ಹಾರಿಸಿತ್ತು. ಮುಂದೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ 2023ರ ಆಗಸ್ಟ್ 23ರಂದು ಸಲೀಸಾಗಿ ಇಳಿಯಿತು. ಸೆಪ್ಟೆಂಬರ್ 2ರಂದು ರೋವರ್ ಪ್ರಗ್ಯಾನ್, 4ರಂದು ವಿಕ್ರಮ್ ನಿದ್ದೆಗೆ ಜಾರಿದವು. ರಿಸೀವರ್ ಬಿಟ್ಟು ಮಿಕ್ಕದ್ದೆಲ್ಲ ಆಫ್. 22ರಂದು ಇಸ್ರೋ ಕರೆದು ನೋಡಿತು, ಓಗೊಡಲಿಲ್ಲ. ಒಂದೇ ಒಂದು ಚಾಂದ್ರ ಹಗಲಿಗಾಗಿ ಕಟ್ಟಿದ ಯಂತ್ರಗಳವು, ಎದ್ದಿದ್ದರೆ ಲಾಭ, ಇಲ್ಲದಿದ್ದರೆ ನಷ್ಟವಿಲ್ಲ. ನಿಮ್ಮ ಲಿನಕ್ಸ್ ಲ್ಯಾಪ್‌ಟಾಪ್ ಹಾಗಲ್ಲ. ಅದು ದಿನಾ ಬೆಳಿಗ್ಗೆ ಏಳಲೇಬೇಕು.

● ‘ಸಸ್ಪೆಂಡ್’ ಅಂದರೆ ತಾಲ್ಲೂಕು ಕಚೇರಿಯಲ್ಲಿ ಅಮಾನತು. ಲ್ಯಾಪ್‌ಟಾಪಿನಲ್ಲೂ ಹೆಚ್ಚುಕಡಿಮೆ ಅದೇ ಕತೆ. ಅಮಾನತಾದ ನೌಕರನಿಗೆ ಜೀವನಾಧಾರ ಭತ್ಯೆ ಸಿಗುವ ಹಾಗೆ, ಸಸ್ಪೆಂಡ್ ಆದ ಲ್ಯಾಪ್‌ಟಾಪಿನ ರ‍್ಯಾಮ್‌ಗೆ ಚೂರು ಕರೆಂಟು ಹರಿಯುತ್ತಲೇ ಇರುತ್ತದೆ. ಬ್ಯಾಟರಿ ಬರಿದಾದರೆ ರ‍್ಯಾಮ್‌ನಲ್ಲಿದ್ದದ್ದೆಲ್ಲ ಹೋಯಿತು. ‘ಹೈಬರ್ನೇಟ್’ನಲ್ಲಿ ಭತ್ಯೆಯೂ ಇಲ್ಲ: ರ‍್ಯಾಮ್‌ನಲ್ಲಿರುವುದನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರ ಪೂರ್ತಿ ಆಫ್ ಆಗುತ್ತದೆ. ಎರಡು ದಿನ ಕರೆಂಟು ಬಾರದಿದ್ದರೂ ಚಿಂತೆಯಿಲ್ಲ.

● ಹೈಬರ್ನೇಟ್‌ಗೆ ನಮ್ಮಲ್ಲಿ ಶಿಶಿರನಿದ್ರೆ ಎನ್ನುತ್ತಾರೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಪೈಕಿ ಬರುವ ಚಳ್ಳಕೆರೆ, ಮೊಳಕಾಲ್ಮೂರುಗಳಿಗೆ ಈ ಪದ ಒಗ್ಗುವುದಿಲ್ಲ. ಇಲ್ಲಿನ ಕಪ್ಪೆ ಮಣ್ಣೊಳಗೆ ಹೂತುಕೊಳ್ಳುವುದು ಬಿಸಿಲಿಗೆ ಹೆದರಿ, ಅದು ಗ್ರೀಷ್ಮನಿದ್ರೆ.

● ಸಸ್ಪೆಂಡ್, ಹೈಬರ್ನೇಟ್ ಎರಡಕ್ಕಿಂತಲೂ ಹಗುರವಾದ ಮೂರನೆಯದೊಂದು ಅರೆನಿದ್ದೆ ಇದೆ. ಹೊಸ ಲ್ಯಾಪ್‌ಟಾಪುಗಳ ತಲೆನೋವಿನ ಮೂಲ ಇದೇ. ಹಳೆಯ ಸಸ್ಪೆಂಡ್‌ನಲ್ಲಿ (ಎಸ್3 ಎನ್ನುತ್ತಾರೆ) ಪ್ರೊಸೆಸರ್ ಆಫ್ ಆಗುತ್ತದೆ. ಹೊಸದರಲ್ಲಿ (ಎಸ್2ಐಡಲ್) ಪ್ರೊಸೆಸರ್ ಆಫ್ ಆಗದೆ ತೂಕಡಿಸುತ್ತದೆ, ಅಷ್ಟೆ. ಒಂದು ಡ್ರೈವರ್ ಗಲಾಟೆ ಮಾಡಿದರೂ ತೂಕಡಿಕೆ ಆಳಕ್ಕಿಳಿಯುವುದಿಲ್ಲ, ಬ್ಯಾಟರಿ ಸೋರುತ್ತದೆ.

ಇದು ನನಗೆ ತಿಳಿದದ್ದು ಬಸ್ಸಿನಲ್ಲಿ. ಏಪ್ರಿಲ್ ತಿಂಗಳು, ಚಳ್ಳಕೆರೆಯಲ್ಲಿ ಮುಚ್ಚಳ ಮುಚ್ಚಿ ಲ್ಯಾಪ್‌ಟಾಪನ್ನು ಬ್ಯಾಗಿಗೆ ತುರುಕಿ ಮೊಳಕಾಲ್ಮೂರಿನ ಬಸ್ಸು ಹತ್ತಿದ್ದೆ. ತಳುಕು ದಾಟುವ ಹೊತ್ತಿಗೆ ತೊಡೆಯ ಮೇಲಿದ್ದ ಬ್ಯಾಗು ರೊಟ್ಟಿ ಹಂಚಿನಂತಾಗಿತ್ತು. ಪಕ್ಕದಲ್ಲಿದ್ದ ಅಜ್ಜ ಬ್ಯಾಗು ಮುಟ್ಟಿ, “ಏನಪ್ಪಾ, ಬುತ್ತಿ ಇನ್ನೂ ಬಿಸಿ ಐತಲ್ಲ” ಅಂದರು. ಜಿಪ್ಪು ಎಳೆದರೆ ಫ್ಯಾನು ಗೊರಗುಡುತ್ತಿತ್ತು. ಬೆಳಿಗ್ಗೆ ತುಂಬಿಸಿದ್ದ ಬ್ಯಾಟರಿ ಕಾಲುಭಾಗಕ್ಕೆ ಇಳಿದಿತ್ತು.

● ನಿಮ್ಮದು ಯಾವ ನಿದ್ದೆ ಎಂದು ನೋಡಲು ಒಂದೇ ಒಂದು ಫೈಲು ಓದಿದರೆ ಸಾಕು: ‘ಸಿಸ್’ ಒಳಗಿನ ‘ಪವರ್’ ಫೋಲ್ಡರಿನಲ್ಲಿರುವ ‘ಮೆಮ್ ಸ್ಲೀಪ್’. ‘ಎಸ್2ಐಡಲ್’, ‘ಡೀಪ್’ ಎರಡೂ ಇದ್ದರೆ, ಚೌಕ ಕಂಸದೊಳಗಿರುವುದು ಈಗ ಚಾಲ್ತಿಯಲ್ಲಿರುವ ನಿದ್ದೆ. ‘ಡೀಪ್’ ಕಂಸದ ಹೊರಗಿದ್ದರೆ ಬೂಟ್ ಲೋಡರ್ ಆದ ಗ್ರಬ್‌ನ ಕರ್ನಲ್ ಸಾಲಿನಲ್ಲಿ ಅದನ್ನೇ ಡಿಫಾಲ್ಟ್ ಮಾಡಬಹುದು. ‘ಡೀಪ್’ ಎಂಬ ಪದವೇ ಇಲ್ಲವೆಂದರೆ ಯಂತ್ರ ಸದ್ಯ ಎಸ್3ಯನ್ನು ಒದಗಿಸುತ್ತಿಲ್ಲ ಎಂದರ್ಥ. ಆಗಲೂ ಬಯೋಸ್ ಒಮ್ಮೆ ತೆರೆದು ನೋಡಿ. ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ನಿದ್ದೆಯ ಬಗೆಗೆ ‘ಲಿನಕ್ಸ್’ ಎಂಬ ಆಯ್ಕೆಯೇ ಇದೆ.

● 1892ರಲ್ಲಿ ಬಿ.ಎಲ್. ರೈಸ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಅವುಗಳ ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ರುಜುವಿದೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ, ಲಿಪಿಕಾರನೆಂಬ ಮಾತು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ! ಹೈಬರ್ನೇಟ್ ಕೂಡ ಹೀಗೆ ರುಜು ಹಾಕುತ್ತದೆ. ಡಿಸ್ಕಿನಲ್ಲಿ ಅದು ಬರೆದಿಡುವ ಸ್ವ್ಯಾಪ್ ಜಾಗದ ಮೊದಲ ಪುಟದಲ್ಲಿ ಮಾಮೂಲಾಗಿ ‘ಸ್ವ್ಯಾಪ್‌ಸ್ಪೇಸ್2’ ಎಂಬ 10 ಅಕ್ಷರಗಳ ಗುರುತಿರುತ್ತದೆ. ಹೈಬರ್ನೇಟ್ ಮಾಡುವಾಗ ಕರ್ನಲ್ ಅದನ್ನು ಎತ್ತಿಟ್ಟು ‘ಎಸ್1ಸಸ್ಪೆಂಡ್’ ಎಂದು ಬರೆಯುತ್ತದೆ. ಎದ್ದ ಮೇಲೆ ಹಳೆಯ ಗುರುತು ವಾಪಸ್.

● ಹೈಬರ್ನೇಟ್‌ನಿಂದ ಏಳುವಾಗ ಮೊದಲು ಕಣ್ಣು ಬಿಡುವುದು ಒಂದು ಹೊಸ ಕರ್ನಲ್. ಅದು ಆ ರುಜು ಹುಡುಕಿ, ಬರೆದಿಟ್ಟದ್ದನ್ನೆಲ್ಲ ರ‍್ಯಾಮ್‌ಗೆ ಎಳೆದುಕೊಂಡು, ಹಳೆಯ ಕರ್ನಲ್‌ಗೆ ಕುರ್ಚಿ ಬಿಟ್ಟುಕೊಟ್ಟು ಮಾಯವಾಗುತ್ತದೆ. ಎಲ್ಲಿ ಹುಡುಕಬೇಕೆಂದು ಸಾಮಾನ್ಯವಾಗಿ ಹೇಳುವುದು ‘ರೆಸ್ಯೂಮ್’ ಎಂಬ ಸೂಚನೆ. ಸ್ವ್ಯಾಪ್ ಒಂದು ಫೈಲಾಗಿದ್ದರೆ ‘ರೆಸ್ಯೂಮ್ ಆಫ್‌ಸೆಟ್’ ಕೂಡ ಬೇಕು. “ಹೈಬರ್ನೇಟ್ ಮಾಡಿದೆ, ಆನ್ ಮಾಡಿದರೆ ಎಲ್ಲ ಖಾಲಿ” ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ಬ್ರಹ್ಮಗಿರಿಯ ಬಂಡೆ ಯಾವ ಊರಿನಲ್ಲಿದೆ ಎಂದೇ ತಿಳಿಯದವನು ಶಾಸನ ಓದುವುದು ಹೇಗೆ?

● ಒಂದು ಎಚ್ಚರಿಕೆ. ಒಂದೇ ಯಂತ್ರದಲ್ಲಿ ವಿಂಡೋಸ್ ಅಥವಾ ಇನ್ನೊಂದು ಲಿನಕ್ಸ್ ಇದ್ದರೆ, ಒಂದನ್ನು ಹೈಬರ್ನೇಟ್ ಮಾಡಿ ಇನ್ನೊಂದರಿಂದ ಅದರ ಪಾರ್ಟಿಷನ್ ತೆರೆದು ಫೈಲು ತಿದ್ದಬೇಡಿ. ಮಲಗಿದವನು ಎದ್ದು, ತಾನು ಬಿಟ್ಟ ಹಾಗೇ ಮನೆ ಇದೆ ಎಂದು ನಂಬಿ ಬರೆಯಲು ಶುರುಮಾಡುತ್ತಾನೆ. ಫೈಲ್‌ಸಿಸ್ಟಮ್ ಕೆಡುತ್ತದೆ.

● ರ‍್ಯಾಮ್ 8 ಜಿಬಿ ಇದ್ದರೆ ಹೈಬರ್ನೇಟ್‌ಗಾಗಿ ಬರೆದಿಡುವುದನ್ನು ಕರ್ನಲ್ ಮೊದಲು 3.2 ಜಿಬಿಯಲ್ಲೇ ಮುಗಿಸಲು ನೋಡುತ್ತದೆ: ರ‍್ಯಾಮ್‌ನ ಐದರಲ್ಲಿ ಎರಡು ಪಾಲು. ಅದು ಗುರಿ ಮಾತ್ರ, ಗ್ಯಾರಂಟಿಯಲ್ಲ. ರ‍್ಯಾಮ್ ಎಷ್ಟೋ ಸ್ವ್ಯಾಪ್ ಅಷ್ಟು ಎಂದಿಟ್ಟುಕೊಂಡರೆ ನಿಶ್ಚಿಂತೆ. ಫೆಡೋರಾ 33ರಿಂದ ಸ್ವ್ಯಾಪ್ ಕೆಲಸಕ್ಕೆ ಬರುವುದು ಜಡ್‌ರ‍್ಯಾಮ್, ಅಂದರೆ ರ‍್ಯಾಮ್‌ನೊಳಗೇ ಇರುವ ಸ್ವ್ಯಾಪ್. ಅದಕ್ಕೆ ಹೈಬರ್ನೇಟ್ ಮಾಡುವುದೆಂದರೆ ತುಂಬಿದ ಕೊಡದ ನೀರನ್ನು ಅದೇ ಕೊಡಕ್ಕೆ ಸುರಿಯುವುದು.

● ಮೆನುವಿನಲ್ಲಿ ಹೈಬರ್ನೇಟ್ ಕಾಣುತ್ತಿಲ್ಲವೇ? ತಪ್ಪು ನಿಮ್ಮದಲ್ಲ. ಉಬುಂಟು 2012ರ ತನ್ನ 12.04 ಆವೃತ್ತಿಯಿಂದಲೇ ಅದನ್ನು ಮೆನುವಿನಿಂದ ತೆಗೆದುಹಾಕಿತು. ಸೆಕ್ಯೂರ್ ಬೂಟ್ ಆನ್ ಇದ್ದರೆ ಇನ್ನೊಂದು ಬೀಗ: ಲಿನಕ್ಸ್ 5.4ರಲ್ಲಿ ಬಂದ ‘ಲಾಕ್‌ಡೌನ್’ ಚಾಲೂ ಇದ್ದಲ್ಲಿ ಹೈಬರ್ನೇಟ್ ನಿಷಿದ್ಧ. ಮಲಗಿದ್ದಾಗ ಡಿಸ್ಕಿಗೆ ಬರೆದಿಟ್ಟದ್ದನ್ನು ಯಾರಾದರೂ ತಿದ್ದಿಬಿಟ್ಟರೆ ಎಂಬ ಭಯ.

● ಮಲಗಿಸಿದ ಎರಡೇ ಸೆಕೆಂಡಿಗೆ ತಾನೇ ಎದ್ದರೆ ದೆವ್ವವಲ್ಲ, ಬಹುಪಾಲು ಯುಎಸ್‌ಬಿ. ‘ಪ್ರೊಕ್’ ಒಳಗಿನ ‘ಎಸಿಪಿಐ’ ಫೋಲ್ಡರಿನ ‘ವೇಕಪ್’ ಫೈಲಿನಲ್ಲಿ ಎಬ್ಬಿಸುವ ಅಧಿಕಾರ ಯಾರ‍್ಯಾರಿಗಿದೆ ಎಂಬ ಪಟ್ಟಿ ಸಿಗುತ್ತದೆ. ‘ಎಕ್ಸ್‌ಎಚ್‌ಸಿ’ ಎಂದಿರುವುದು ಯುಎಸ್‌ಬಿ ಕಂಟ್ರೋಲರ್. ವೈರ್‌ಲೆಸ್ ಮೌಸಿನ ಡಾಂಗಲ್ ಕಿತ್ತು ಒಮ್ಮೆ ಪರೀಕ್ಷಿಸಿ.

● ಪಾಠಕ್ಕೆಂದು ಪ್ರೊಜೆಕ್ಟರ್ ಸಿಕ್ಕಿಸಿದ್ದಾಗ ಮುಚ್ಚಳ ಮುಚ್ಚಿದರೂ ಲ್ಯಾಪ್‌ಟಾಪ್ ಮಲಗದಿರುವುದು ರಿಪೇರಿಗೆ ಒಯ್ಯುವ ದೋಷವಲ್ಲ. ಹೊರಗಿನ ಪರದೆ ಇದ್ದರೆ ಮುಚ್ಚಳವನ್ನು ಲೆಕ್ಕಿಸಬೇಡ ಎಂಬುದೇ ಸಿಸ್ಟಮ್‌ಡಿಯ ಡಿಫಾಲ್ಟ್.

● ಎದ್ದಿದೆ, ಆದರೆ ಪರದೆ ಕಪ್ಪು. ಕ್ಯಾಪ್ಸ್ ಲಾಕ್ ಒತ್ತಿ. ದೀಪ ಹತ್ತಿ ಆರಿದರೆ ಯಂತ್ರಕ್ಕೆ ಜೀವವಿದೆ, ಸತ್ತಿರುವುದು ಪರದೆ ಮಾತ್ರ. ಅನುಮಾನ ಗ್ರಾಫಿಕ್ಸ್ ಡ್ರೈವರಿನ ಮೇಲೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಕೆಲವೊಮ್ಮೆ ಅಕ್ಷರದ ಪರದೆ ಬಂದು ಕೆಲಸ ಉಳಿಸಿಕೊಳ್ಳಬಹುದು. ದೀಪ ಅಲುಗದಿದ್ದರೆ ಪವರ್ ಬಟನ್ನೇ ಗತಿ.

● ನಿಜವಾಗಿ ಮಲಗಿಸದೆಯೇ ಮಲಗುವ ರಿಹರ್ಸಲ್ ಮಾಡಿಸಬಹುದು. ಕರ್ನಲ್‌ನ ‘ಪಿಎಂ ಟೆಸ್ಟ್’ ಸೌಲಭ್ಯ ಒಂದೊಂದೇ ಮೆಟ್ಟಿಲು ಇಳಿಸಿ, 5 ಸೆಕೆಂಡ್ ಕಾದು, ತಾನೇ ಎಬ್ಬಿಸುತ್ತದೆ. ಯಾವ ಮೆಟ್ಟಿಲಲ್ಲಿ ಮುಗ್ಗರಿಸಿತೋ ರೋಗ ಅಲ್ಲಿದೆ. ‘ಆರ್‌ಟಿಸಿವೇಕ್’ ಎಂಬ ಕಮಾಂಡ್‌ನಿಂದ ಅಲಾರಂ ಇಟ್ಟೇ ಮಲಗಿಸಬಹುದು: 60 ಸೆಕೆಂಡ್ ಬಿಟ್ಟು ಏಳು ಎಂದರೆ ಏಳಬೇಕು.

● ಇವೆಲ್ಲದಕ್ಕಿಂತ ನನಗಿಷ್ಟವಾದ ಉಪಾಯ ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಅವರೇ 2006ರಲ್ಲಿ ಬರೆದ ‘ಪಿಎಂ ಟ್ರೇಸ್’. ಏಳುವಾಗ ಯಂತ್ರ ಸತ್ತರೆ ಯಾವ ಡ್ರೈವರಿನಲ್ಲಿ ಸತ್ತಿತೆಂದು ಎಲ್ಲಿ ಬರೆದಿಡುವುದು? ರ‍್ಯಾಮ್ ಅಳಿಸಿಹೋಗುತ್ತದೆ, ಡಿಸ್ಕು ಇನ್ನೂ ಎದ್ದಿರುವುದಿಲ್ಲ. ರೀಬೂಟಿಗೂ ಜಗ್ಗದೆ ಉಳಿಯುವುದು ಮದರ್‌ಬೋರ್ಡಿನ ಗಡಿಯಾರ. ಆ ಗಡಿಯಾರದ ತಾರೀಕು, ಗಂಟೆ, ನಿಮಿಷಗಳ ಜಾಗದಲ್ಲೇ ಸುಳಿವನ್ನು ಅಡಗಿಸಿಡುವುದು ಅವರ ಜಾಣ್ಮೆ. ತಡಮಾಡದೆ ರೀಬೂಟ್ ಮಾಡಿ ಕರ್ನಲ್ ಲಾಗ್ ನೋಡಿದರೆ ಸುಳಿವಿಗೆ ಹೊಂದುವ ಸಾಧನದ ಹೆಸರು ಸಿಗುತ್ತದೆ. ಆದರೆ ಅಷ್ಟರಲ್ಲಿ ನಿಮ್ಮ ಲ್ಯಾಪ್‌ಟಾಪ್ ಯಾವುದೋ ಇಸವಿಯ ಯಾವುದೋ ತಿಂಗಳಲ್ಲಿ ಕೂತಿರುತ್ತದೆ. ಹುಡುಕಾಟ ಮುಗಿದ ಕೂಡಲೇ ಗಡಿಯಾರ ಸರಿಪಡಿಸಿಕೊಳ್ಳಿ. ಇಲ್ಲವಾದರೆ ಸರ್ಟಿಫಿಕೇಟಿನ ಅವಧಿ ಹೊಂದುತ್ತಿಲ್ಲವೆಂದು ಬ್ರೌಸರು ಬ್ಯಾಂಕಿನ ಪುಟವನ್ನೂ ತೆರೆಯುವುದಿಲ್ಲ.