ಅಕ್ಕಾರ, ಗ್ರಾಮ ಸಭೆಗೆ ಬರ್ರಿ

2019ರ ಆಗಸ್ಟ್. ಘಟಪ್ರಭಾ ಉಕ್ಕಿ ಬಂತು, ಗೋಕಾಕದ ಲೋಳಸೂರ ಸೇತುವೆ ಮುಳುಗಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹೊಳೆದಂಡೆ ಊರುಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ ಘೋಷಿಸಿದ್ದು 5 ಲಕ್ಷ ರೂಪಾಯಿ. ಆದರೆ ಒಂದೇ ಸಲಕ್ಕಲ್ಲ, ಕಂತು ಕಂತಾಗಿ. ತಳಪಾಯ ಹಾಕಿ, ಅದರ ಫೋಟೊ ಏರಿಸಿದರೆ ಮುಂದಿನ ಹಣ. ಕೈಯಲ್ಲಿ ಕಾಸಿಲ್ಲದವರಿಗೆ ಆ ತಳಪಾಯವೇ ಬೆಟ್ಟ.

ಹೊಳೆ ಬರದ ವರ್ಷವೂ ಮನೆ ಬೇಕಲ್ಲ? ಬಸವ ವಸತಿ ಯೋಜನೆಯ ಫಲಾನುಭವಿಗಳನ್ನು ಆರಿಸಬೇಕಾದದ್ದು ಗ್ರಾಮ ಸಭೆ. 1993ರ ಪಂಚಾಯತ್ ರಾಜ್ ಕಾಯ್ದೆ ಈ ಅಧಿಕಾರವನ್ನು ಊರಿನ ಮತದಾರರ ಕೈಗೇ ಕೊಟ್ಟಿದೆ. ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಲೇಬೇಕು. ಗಟಾರ, ಕುಡಿಯುವ ನೀರು, ಹಣಕಾಸು ಆಯೋಗದ ಅನುದಾನ, ಎಲ್ಲದರ ಮಾತೂ ಅಲ್ಲೇ.

ಇನ್ನೊಂದು ಮಾತು. ಮನೆ ಸಾಮಾನ್ಯವಾಗಿ ಮಂಜೂರಾಗುವುದು ಹೆಣ್ಣುಮಕ್ಕಳ ಹೆಸರಿಗೆ. ಸಭೆಯ ಮುಂದಿನ ಸಾಲಿನಲ್ಲಿ ಮಾತ್ರ ಗಂಡಸರೇ! ಅಕ್ಕಾರ, ಬಾಗಿಲ ಹತ್ರ ನಿಲ್ಲಬ್ಯಾಡ್ರಿ, ಒಳಗ ಬಂದು ಕೂಡ್ರಿ. ನಿಮ್ಮ ಅರ್ಜಿ ಏನಾತು ಅಂತ ಕೇಳ್ರಿ. ಪಟ್ಟಿಯ ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಸ್ರಿ. ಠರಾವು ಪುಸ್ತಕದಾಗ ಏನು ಬರದಾರ ಅಂತ ಕೇಳಿ, ಆಮ್ಯಾಲ ಸಹಿ ಹಾಕ್ರಿ.