ಗೋಣಿಚೀಲದ ಹೆಣ್ಣುಮರಿಗಳು

ಕಾಸರಗೋಡಿನ ಮೀಂಜದ ಕಡೆ ತುಳುವರ ಸೋಣ ತಿಂಗಳು ಬಂತೆಂದರೆ ಗದ್ದೆಯ ಹುಣಿಯ ಮೇಲೆ ನಾಯಿಗಳ ಸಾಲು ಕಾಣುತ್ತದೆ. ಮುಂದೆ ಒಂದು ಹೆಣ್ಣುನಾಯಿ, ಹಿಂದೆ ಐದಾರು ಗಂಡುನಾಯಿಗಳು. ನಾಯಿಯ ಗರ್ಭಕ್ಕೆ ಎರಡು ತಿಂಗಳು ಸಾಕು. ಬೊಂತ್ಯೆಲ್, ಜಾರ್ದೆ ತಿಂಗಳ ಹೊತ್ತಿಗೆ ಹಟ್ಟಿಯ ಮೂಲೆಯಲ್ಲೋ ಸೌದೆಯ ರಾಶಿಯ ಹಿಂದೋ ಮರಿಗಳ ಕುಂಯ್ ಕುಂಯ್ ಶುರುವಾಗುತ್ತದೆ. ಗಂಡುಮರಿಯನ್ನು ಕೇಳಿಕೊಂಡು ಬರುವವರಿರುತ್ತಾರೆ. ಅಡಿಕೆ ಒಣಗುವ ಅಂಗಳ ಕಾಯಲು, ತೋಟಕ್ಕೆ ನುಗ್ಗುವ ಮಂಗಗಳನ್ನು ಓಡಿಸಲು ಒಂದು ನಾಯಿ ಎಲ್ಲರಿಗೂ ಬೇಕು. ಹೆಣ್ಣುಮರಿಯನ್ನು ಕೇಳುವವರು ಯಾರೂ ಇಲ್ಲ. ಅವು ಕಣ್ಣು ಬಿಟ್ಟು ತಟ್ಟಾಡಿ ನಡೆಯುವಷ್ಟಾದ ಮೇಲೆ ಒಂದು ಸಂಜೆ ಗೋಣಿಚೀಲದ ಬಾಯಿ ಕಟ್ಟಿ ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗಿ, ಮೀನು ಮಾರುವ ಜಾಗದ ಹಿಂದೆ, ಶಾಲೆಯ ಬಯಲಿನ ಅಂಚಿನಲ್ಲಿ, ಗುಡ್ಡೆಯ ತಿರುವಿನಲ್ಲಿ ಬಿಟ್ಟು ಬರುತ್ತಾರೆ. ಅವುಗಳಲ್ಲಿ ಹೆಚ್ಚಿನವು ಸಾಯುತ್ತವೆ. ಉಳಿದದ್ದು ಮುಂದಿನ ಸೋಣಕ್ಕೆ ಹುಣಿಯ ಮೇಲೆ ತಾನೇ ಮುಂದೆ ಓಡುತ್ತಿರುತ್ತದೆ.

ಬೀದಿನಾಯಿಯ ಬಗ್ಗೆ ನಾವು ಮಾತಾಡುವಾಗ ಅದೆಲ್ಲೋ ಕಾಡಿನಿಂದ ಇಳಿದು ಬಂದ ಪ್ರಾಣಿಯೋ ಎಂಬಂತೆ ಮಾತಾಡುತ್ತೇವೆ. ಅದು ಹೊರಟದ್ದು ನಮ್ಮ ಹಟ್ಟಿಯಿಂದ. ಇದನ್ನು ಮೊದಲು ಒಪ್ಪಿಕೊಂಡು, ಹಾಗಾದರೆ ಹುಟ್ಟುವುದನ್ನೇ ಕಡಿಮೆ ಮಾಡೋಣ ಎಂದು ಹೊರಟವರು ಕೆಲವರು. ಅವರ ಕತೆ ಮದರಾಸಿನಿಂದ ಶುರುವಾಗುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರುವವರೆಗೂ ಮದರಾಸು ನಮ್ಮ ಆಡಳಿತಕ್ಕೂ ರಾಜಧಾನಿಯಾಗಿತ್ತು. ಅಲ್ಲಿನ ಪಾಲಿಕೆ ಬೀದಿನಾಯಿಗಳನ್ನು ಹಿಡಿದು ಕೊಲ್ಲಲು ಶುರುಮಾಡಿದ್ದು 1860ರಲ್ಲಿ.

1959ರ ಮಳೆಗಾಲದಲ್ಲಿ ಅಲ್ಲಿನ ತ್ಯಾಗರಾಯನಗರದ ಬೀದಿಯಲ್ಲಿ ನೀರು ನಿಂತಿತ್ತು. ಕ್ಯಾಪ್ಟನ್ ವಿ. ಸುಂದರಂ ನೀರಿನಲ್ಲಿ ಮುಳುಗುತ್ತಿದ್ದ ಎರಡು ನಾಯಿಮರಿಗಳನ್ನು ಎತ್ತಿ ಮನೆಗೆ ತಂದರು. ಅದೇ ಮನೆಯಲ್ಲಿ ಬ್ಲೂ ಕ್ರಾಸ್ ಆಫ್ ಇಂಡಿಯಾ ಹುಟ್ಟಿತು. ಸುಂದರಂ ದಂಪತಿಗೂ ಕನ್ನಡನಾಡಿಗೂ ಹಳೆಯ ನಂಟಿದೆ. ಸುಂದರಂ ಮೈಸೂರು ಮಹಾರಾಜರ ವಿಮಾನ ನಡೆಸುತ್ತಿದ್ದವರು. ಪತ್ನಿ ಉಷಾ ಸುಂದರಂ ಬೆಂಗಳೂರಿನ ಜಕ್ಕೂರಿನ ವಿಮಾನ ತರಬೇತಿ ಶಾಲೆಯಲ್ಲಿ 1949ರಲ್ಲಿ ತೇರ್ಗಡೆಯಾದವರು, ಸ್ವತಂತ್ರ ಭಾರತದ ಮೊದಲ ಮಹಿಳಾ ಪೈಲಟ್ ಎಂದು ಹೆಸರಾದವರು.

ಅವರ ಮಗ ಎಸ್. ಚಿನ್ನಿ ಕೃಷ್ಣ 1964ರಲ್ಲಿ ಇನ್ನೂ ವಿದ್ಯಾರ್ಥಿ. ಪಾಲಿಕೆಯ ಕಚೇರಿಗೆ ಹೋಗಿ, ಎಷ್ಟು ನಾಯಿಗಳನ್ನು ಕೊಂದಿದ್ದೀರಿ ಎಂಬ ಲೆಕ್ಕ ತೆಗೆಸಿದರು. ನೂರು ವರ್ಷ ದಾಟಿದರೂ ಕೊಲ್ಲುವ ಸಂಖ್ಯೆ ಏರುತ್ತಲೇ ಇತ್ತು. ಕೊಂದದ್ದರಿಂದ ನಾಯಿ ಕಡಿಮೆಯಾಗಿದ್ದರೆ ಕೊಲ್ಲಬೇಕಾದ ಸಂಖ್ಯೆಯೂ ಇಳಿಯಬೇಕಿತ್ತಲ್ಲ ಎಂಬುದು ಅವರ ವಾದ. ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡುವ ಕ್ರಮಕ್ಕೆ ಅವರು ಇಟ್ಟ ಹೆಸರು ಎಬಿಸಿ, ಅಂದರೆ ‘ಆ್ಯನಿಮಲ್ ಬರ್ತ್ ಕಂಟ್ರೋಲ್’. ಎಬಿಸಿ ಕಲಿತಷ್ಟೇ ಸುಲಭ ಎಂದು ಅಧಿಕಾರಿಗಳಿಗೆ ಅನ್ನಿಸಲಿ ಎಂದೇ ಆ ಹೆಸರು. ಸುಲಭವಾಗಲಿಲ್ಲ. ಮದರಾಸು ಪಾಲಿಕೆ ಒಪ್ಪಿ ಇಡೀ ನಗರಕ್ಕೆ ಅದನ್ನು ತಂದದ್ದು 1996ರಲ್ಲಿ. ಆ ಹೊತ್ತಿಗೆ ದಿನಕ್ಕೆ 135ರಷ್ಟು ನಾಯಿಗಳನ್ನು ಕೊಲ್ಲುತ್ತಿದ್ದರು. ಒಂದೇ ಮಾತನ್ನು ಹಿಡಿದು ಮೂವತ್ತೆರಡು ವರ್ಷ ಕಚೇರಿಯ ಮೆಟ್ಟಿಲು ಹತ್ತುವುದು ಎಂದರೇನು ಎಂದು ಪಂಚಾಯಿತಿ ಕಚೇರಿಗೆ ಅರ್ಜಿ ಹಿಡಿದು ಅಲೆದ ಯಾರನ್ನು ಕೇಳಿದರೂ ಹೇಳಿಯಾರು.

ಕೊಂದರೆ ಯಾಕೆ ಕಡಿಮೆಯಾಗುವುದಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಒಂದು ಪೇಟೆಯಲ್ಲಿ ಮೀನಿನ ತಲೆ, ಹೋಟೆಲಿನ ಎಂಜಲು, ಕೋಳಿ ಅಂಗಡಿಯ ಕರುಳು ಎಷ್ಟು ಬೀಳುತ್ತದೋ ಅಷ್ಟು ನಾಯಿಗಳು ಅಲ್ಲಿ ಬದುಕುತ್ತವೆ. ಹತ್ತನ್ನು ತೆಗೆದರೆ ಪಕ್ಕದ ಪೇಟೆಯ ಹತ್ತು ಬಂದು ಆ ಜಾಗ ಹಿಡಿಯುತ್ತವೆ. ಬಂದವು ಲಸಿಕೆ ಕಾಣದವು, ಹೊಸ ಜಾಗಕ್ಕಾಗಿ ಕಚ್ಚಾಡುವಂಥವು. ಶಸ್ತ್ರಚಿಕಿತ್ಸೆಯಾದ ನಾಯಿ ತನ್ನ ಜಾಗವನ್ನು ಬಿಟ್ಟುಕೊಡುವುದಿಲ್ಲ, ಮರಿಯನ್ನೂ ಹಾಕುವುದಿಲ್ಲ. ಕಿವಿಯ ತುದಿ ಕತ್ತರಿಸಿರುವುದು ಅದರ ಗುರುತು.

ಬೆಂಗಳೂರಿಗೆ ಈ ಕೆಲಸ ಬಂದ ದಾರಿ ಬೇರೆ. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ, 1906ರಲ್ಲಿ ಹುಟ್ಟಿದವರು, 1959ರಲ್ಲಿ ದಿಲ್ಲಿಯ ರಸ್ತೆಬದಿಯಲ್ಲಿ ಸಾಯುತ್ತ ಬಿದ್ದಿದ್ದ ಕುದುರೆಯೊಂದನ್ನು ಕಂಡರು. ಅದರ ಕಣ್ಣನ್ನು ಕಾಗೆಗಳು ಕುಕ್ಕಿದ್ದವು. ಊರಿಗೆ ಮರಳುವ ಯೋಚನೆ ಬಿಟ್ಟು ದಿಲ್ಲಿಯಲ್ಲೇ ನಿಂತು ‘ದಿ ಆ್ಯನಿಮಲ್ಸ್ ಫ್ರೆಂಡ್’ ಎಂಬ ಆಶ್ರಯ ಕಟ್ಟಿದರು. 1980ರಲ್ಲಿ ಜೈಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’. ಎಂಬತ್ತು ದಾಟಿದ ಮೇಲೆ ಬೆಂಗಳೂರಿಗೆ ಬಂದು, 1991ರಲ್ಲಿ ‘ಕಂಪ್ಯಾಶನ್ ಅನ್‌ಲಿಮಿಟೆಡ್ ಪ್ಲಸ್ ಆ್ಯಕ್ಷನ್’, ಅಂದರೆ ಇವತ್ತಿನ ಕ್ಯುಪಾ. 1996ರಲ್ಲಿ ತೀರಿಕೊಂಡರು. ಮೂರು ಊರಿನಲ್ಲಿ ಮೂರು ಸಂಸ್ಥೆ ಕಟ್ಟಿದ ಈಕೆಯ ದೊಡ್ಡ ಗುಣ ಯಾವುದೆಂದರೆ, ಯಾವುದನ್ನೂ ತನ್ನ ಆಸ್ತಿಯೆಂದು ಇಟ್ಟುಕೊಳ್ಳಲಿಲ್ಲ. ಜೈಪುರದ್ದನ್ನು ಆಸ್ಟ್ರೇಲಿಯಾದ ಕ್ರಿಸ್ಟೀನ್ ಟೌನೆಂಡ್ ವಹಿಸಿಕೊಂಡರು. ಬೆಂಗಳೂರಿನದನ್ನು ಸುಪರ್ಣಾ ಬಕ್ಷಿ ಗಂಗೂಲಿ ಮತ್ತು ಸಂಗಡಿಗರು ಮುಂದೆ ನಡೆಸಿದರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲಿ ಅದರ ಆಶ್ರಯ ಬೆಳೆಯಿತು. ನಮ್ಮ ಸಂಘ ಸಂಸ್ಥೆಗಳಲ್ಲಿ ಸ್ಥಾಪಕ ಅಧ್ಯಕ್ಷರ ಕುರ್ಚಿ ಎಷ್ಟು ವರ್ಷ ಖಾಲಿಯಾಗುವುದಿಲ್ಲ ಎಂಬುದನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ.

ಜೈಪುರದ ಸಂಸ್ಥೆ ಒಂದು ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಿತು: ಎಣಿಸುವುದು. 1994ರ ನವೆಂಬರಿನಿಂದ 2002ರ ಕೊನೆಯವರೆಗೆ 24,986 ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ. ಹೆಣ್ಣುನಾಯಿಗಳಲ್ಲಿ ನೂರಕ್ಕೆ 65ರಷ್ಟು ಇದಕ್ಕೆ ಒಳಪಟ್ಟವು. ಗಂಡಿನಲ್ಲಿ ನೂರಕ್ಕೆ 6 ಮಾತ್ರ. ನಾಯಿಗಳ ಸಂಖ್ಯೆ ನೂರಕ್ಕೆ 28ರಷ್ಟು ಇಳಿಯಿತು. ಕೆಲಸ ನಡೆದ ಪ್ರದೇಶದಲ್ಲಿ ಮನುಷ್ಯರಿಗೆ ಹುಚ್ಚುನಾಯಿ ರೋಗ ಬರುವುದು ನಿಂತುಹೋಯಿತು. ಈ ಲೆಕ್ಕದಲ್ಲಿ ನನಗೆ ಮುಖ್ಯವೆನಿಸುವುದು ಹೆಣ್ಣು ಗಂಡಿನ ಅಂತರ. ಒಂದು ಗಂಡನ್ನು ಬಿಟ್ಟರೂ ಅದು ಹತ್ತು ಹೆಣ್ಣಿಗೆ ಸಾಕು, ಒಂದು ಹೆಣ್ಣನ್ನು ಹಿಡಿದರೆ ಒಂದು ಹೆರಿಗೆಗೆ ಐದರಂತೆ ಮರಿಗಳು ಹುಟ್ಟುವುದು ತಪ್ಪುತ್ತದೆ. ಅಂದರೆ ನಾವು ಗೋಣಿಚೀಲದಲ್ಲಿ ಕಟ್ಟಿ ಬೀದಿಗೆ ಬಿಡುವ ಮರಿ ಯಾವುದೋ, ಇಡೀ ಕಾರ್ಯಕ್ರಮ ಹುಡುಕಿಕೊಂಡು ಹೋಗುವುದೂ ಅದನ್ನೇ.

ಕೇಂದ್ರ ಸರಕಾರ 2001ರ ಡಿಸೆಂಬರಿನಲ್ಲಿ ಎಬಿಸಿ ನಿಯಮಗಳನ್ನು ತಂದಿತು. ಕಾಗದ ಬಂದ ಕೂಡಲೇ ಎಲ್ಲ ಸರಿಯಾಗಲಿಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಎರಡು ತಿಂಗಳ ಒಳಗೆ ಇಬ್ಬರು ಮಕ್ಕಳು ನಾಯಿಗಳ ದಾಳಿಗೆ ಬಲಿಯಾದರು. ಊರಿಗೆ ಊರೇ ಸಿಟ್ಟಿಗೆದ್ದಿತು. ನಾಯಿಗಳನ್ನು ಸಿಕ್ಕಸಿಕ್ಕಲ್ಲಿ ಹಿಡಿದರು, ಕೊಂದರು. ಮಗುವನ್ನು ಕಳೆದುಕೊಂಡ ಮನೆಯ ಮುಂದೆ ನಿಂತು ಪ್ರಾಣಿದಯೆಯ ಮಾತಾಡಲು ಯಾರಿಗೂ ಬಾಯಿ ಬರುವುದಿಲ್ಲ. ಬರಲೂಬಾರದು. ಆ ದಿನಗಳಲ್ಲಿ ಎರಡೂ ಕಡೆಯ ಬೈಗುಳ ತಿಂದು, ಮರುದಿನ ಮತ್ತೆ ಬಲೆ ಹಿಡಿದು ಹೊರಟ ಸಂಸ್ಥೆಗಳಿಂದಲೇ ಕೆಲಸ ಉಳಿಯಿತು. ಬೆಂಗಳೂರಿನ ಪಾಲಿಕೆಯ ಗಣತಿಯ ಪ್ರಕಾರ 2019ರಲ್ಲಿ 3.10 ಲಕ್ಷವಿದ್ದ ಬೀದಿನಾಯಿಗಳು 2023ಕ್ಕೆ 2.79 ಲಕ್ಷಕ್ಕೆ ಇಳಿದವು. ಶಸ್ತ್ರಚಿಕಿತ್ಸೆಯಾದವು ನೂರಕ್ಕೆ 51ರಿಂದ 72ರ ಹತ್ತಿರಕ್ಕೆ ಏರಿದವು. ಅಷ್ಟು ದೊಡ್ಡ ಊರಿನಲ್ಲಿ ನಾಲ್ಕು ವರ್ಷಕ್ಕೆ ಇಷ್ಟು ಇಳಿಕೆ ಸಣ್ಣದೇನಲ್ಲ. ಗೋವಾದಲ್ಲಿ ಮಿಷನ್ ರೇಬೀಸ್ ಎಂಬ ಸಂಸ್ಥೆ ಸರಕಾರದ ಜೊತೆ ಸೇರಿ ಮನೆಮನೆಗೆ, ಬೀದಿಬೀದಿಗೆ ಹೋಗಿ ಲಸಿಕೆ ಹಾಕಿತು. 2021ರಲ್ಲಿ ಗೋವಾ ರೇಬೀಸ್ ನಿಯಂತ್ರಿತ ರಾಜ್ಯವೆಂದು ಘೋಷಣೆಯಾಯಿತು.

ಹುಚ್ಚುನಾಯಿಯ ಭಯ ನಮ್ಮ ಕಡೆ ಎಷ್ಟು ಆಳದ್ದು ಎಂಬುದು ಹಿರಿಯರನ್ನು ಕೇಳಿದರೆ ತಿಳಿಯುತ್ತದೆ. ಹೊಕ್ಕುಳದ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡವರು ಈಗಲೂ ನಮ್ಮ ಊರುಗಳಲ್ಲಿ ಇದ್ದಾರೆ. ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಶುರುವಾದ ಪಾಶ್ಚರ್ ಸಂಸ್ಥೆಯಂಥ ಕಡೆ ತಯಾರಾಗುತ್ತಿದ್ದ ಆ ಹಳೆಯ ಲಸಿಕೆ ಈ ಶತಮಾನದ ಮೊದಲ ವರ್ಷಗಳವರೆಗೂ ಚಾಲ್ತಿಯಲ್ಲಿತ್ತು. ಈಗ ತೋಳಿಗೆ ಕೆಲವೇ ಚುಚ್ಚುಮದ್ದು. ಕಚ್ಚಿದ ಕೂಡಲೇ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು ಎಂಬುದು ಮಾತ್ರ ಇನ್ನೂ ಎಲ್ಲರಿಗೂ ತಿಳಿದಿಲ್ಲ. ಅರಶಿನ, ಸುಣ್ಣ, ಮೆಣಸಿನ ಪುಡಿ ಮೆತ್ತಿಕೊಂಡು ಬರುವವರು ಈಗಲೂ ಇದ್ದಾರೆ.

ಕೇರಳದ ಕತೆ ನನಗೆ ಹೆಚ್ಚು ನೋವಿನದು. ಇಲ್ಲಿ ಈ ಕೆಲಸಕ್ಕೆ ಮುಂದೆ ಬಂದವರು ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು. ಕೂಲಿ, ಬೀಡಿ, ಮನೆಗೆಲಸ ಮಾಡಿಕೊಂಡಿದ್ದವರು ತರಬೇತಿ ಪಡೆದು, ಬಲೆ ಹಿಡಿದು, ಬೆಳಗಿನ ಜಾವ ನಾಯಿ ಹಿಡಿಯಲು ಹೊರಟರು. ಹಲವು ಜಿಲ್ಲೆಗಳಲ್ಲಿ ಎಬಿಸಿ ನಡೆದದ್ದೇ ಅವರ ಕೈಯಿಂದ. 2021ರ ಡಿಸೆಂಬರಿನಲ್ಲಿ ಕೇರಳ ಹೈಕೋರ್ಟು, ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇಲ್ಲದ ಕಾರಣಕ್ಕೆ ಅವರನ್ನು ಈ ಕೆಲಸದಿಂದ ದೂರವಿಡಲು ಹೇಳಿತು. ನಿಯಮವೇನೋ ಸರಿ. ಶಸ್ತ್ರಚಿಕಿತ್ಸೆಯ ಕೋಣೆ, ಪಂಜರ, ವೈದ್ಯರು ಸರಿಯಿಲ್ಲದೆ ಹೊಲಿಗೆ ಹಾಕಿದರೆ ನಾಯಿ ನರಳಿ ಸಾಯುತ್ತದೆ. ಆದರೆ ಮಾನ್ಯತೆ ಇಲ್ಲವೆಂದರೆ ಮಾನ್ಯತೆ ಸಿಗುವಂತೆ ಅವರನ್ನು ಸಜ್ಜುಗೊಳಿಸಬೇಕಿತ್ತು. ಅವರನ್ನು ಮನೆಗೆ ಕಳುಹಿಸಿ ಆ ಜಾಗವನ್ನು ಖಾಲಿ ಬಿಟ್ಟದ್ದು ತಪ್ಪು. ಮರುವರ್ಷವೇ ರಾಜ್ಯದಲ್ಲಿ ನಾಯಿ ಕಡಿತದ ಸುದ್ದಿ ದಿನಕ್ಕೊಂದರಂತೆ ಬಂತು. 2023ರ ಜೂನಿನಲ್ಲಿ ಕಣ್ಣೂರಿನ ಮುಳಪ್ಪಿಲಂಗಾಡಿನಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ನಾಯಿಗಳ ಬಾಯಿಗೆ ಬಿದ್ದು ಸತ್ತ.

ಅದೇ ವರ್ಷದ ಮಾರ್ಚಿನಲ್ಲಿ ಕೇಂದ್ರದ ಹೊಸ ನಿಯಮ ಬಂದಿತ್ತು. ಎಬಿಸಿ ನಡೆಸುವ ಹೊಣೆ ಸ್ಥಳೀಯ ಸಂಸ್ಥೆಯದೇ, ಅಂದರೆ ಮೀಂಜದಲ್ಲಾದರೆ ಪಂಚಾಯಿತಿಯದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯದಲ್ಲಿಡಿ ಎಂದಿತು. ಹನ್ನೊಂದು ದಿನ ಕಳೆದ ಮೇಲೆ ಮತ್ತೊಂದು ಪೀಠ ಅದನ್ನು ತಿದ್ದಿ, ರೋಗವಿಲ್ಲದ, ಆಕ್ರಮಣಕಾರಿಯಲ್ಲದ ನಾಯಿಗಳನ್ನು ಶಸ್ತ್ರಚಿಕಿತ್ಸೆ, ಲಸಿಕೆಯಾದ ಮೇಲೆ ಹಿಡಿದಲ್ಲೇ ಬಿಡಿ ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ನಾಯಿಗಳನ್ನು ತೆಗೆದು ಬೇರೆಡೆ ಇಡಬೇಕೆಂಬ ಆದೇಶ ಬಂತು. ಆದೇಶ ಯಾವುದೇ ಬರಲಿ, ಹೆಣ್ಣುನಾಯಿಗೆ ಶಸ್ತ್ರಚಿಕಿತ್ಸೆ ಮಾಡುವ ಕೈ ಬೇಕೇ ಬೇಕು.

ಮಂಗಳೂರಿನಲ್ಲಿ ಶಕ್ತಿನಗರದ ಆ್ಯನಿಮಲ್ ಕೇರ್ ಟ್ರಸ್ಟ್ ಪಾಲಿಕೆಯ ಜೊತೆಗೂಡಿ ಈ ಕೆಲಸ ಮಾಡಿದೆ. ಜ್ವರಕ್ಕೂ ಮದುವೆ ಜವಳಿಗೂ ತಲಪಾಡಿಯ ಗಡಿ ದಾಟಿ ಮಂಗಳೂರಿಗೇ ಹೋಗುವ ನಾವು ನಾಯಿಯ ವಿಷಯಕ್ಕೆ ಕಾಸರಗೋಡಿನ ಕಡೆಗೇ ನೋಡಬೇಕು, ಯಾಕೆಂದರೆ ಹಣ ಬರುವುದು ಪಂಚಾಯಿತಿಯ ಯೋಜನೆಯಲ್ಲಿ. ವರ್ಕಾಡಿ, ಪೈವಳಿಕೆಯ ಆಚೆ ಕರ್ನಾಟಕ ಶುರುವಾಗುತ್ತದೆ. ಒಂದು ಕಡೆ ಮಾತ್ರ ಶಸ್ತ್ರಚಿಕಿತ್ಸೆ ನಡೆದರೆ ಇನ್ನೊಂದು ಕಡೆಯ ಮರಿಗಳು ಬಂದು ಸೇರುತ್ತವೆ. ಗಡಿಯ ಎರಡೂ ಬದಿಯ ಪಂಚಾಯಿತಿಗಳು ಒಮ್ಮೆ ಒಟ್ಟಿಗೆ ಕೂತು ಮಾತಾಡುವುದು ಇದಕ್ಕೆ ಅಗತ್ಯ.

ಮೀಂಜಕ್ಕೆ ಕ್ರಿಸ್ಟಲ್ ರೋಜರ್ಸ್ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಮೀಯಪದವು, ಚಿಗುರುಪಾದೆ, ಮಜಿಬೈಲು, ಕೊಳಿಯೂರು, ಹೀಗೆ ಒಂದೊಂದು ಕಡೆ, ಯಾರ ಮನೆಯಲ್ಲಿ ಹೆಣ್ಣುನಾಯಿ ಇದೆ, ಯಾವುದಕ್ಕೆ ಲಸಿಕೆಯಾಗಿದೆ, ಯಾವುದಕ್ಕಾಗಿಲ್ಲ ಎಂದು ಒಂದು ಪುಸ್ತಕದಲ್ಲಿ ಬರೆದಿಡುವ ಒಬ್ಬರು ಸಾಕು. ಚಿನ್ನಿ ಕೃಷ್ಣ ಮೊದಲು ಮಾಡಿದ್ದೂ ಇದನ್ನೇ, ಲೆಕ್ಕ ಕೇಳಿದ್ದು. ಸಾಕುನಾಯಿಗೆ ಪಂಚಾಯಿತಿಯ ಲೈಸೆನ್ಸು ಬೇಕೆಂಬ ನಿಯಮ ಕೇರಳದಲ್ಲಿ 1998ರಿಂದ ಇದೆ. ಲಸಿಕೆಯ ಚೀಟಿ ತೋರಿಸಿ ಅದನ್ನು ಮಾಡಿಸಿಕೊಂಡ ಮನೆಗಳು ನಿಮ್ಮ ಓಣಿಯಲ್ಲಿ ಎಷ್ಟಿವೆ, ನೀವೇ ಎಣಿಸಿ ನೋಡಿ. ಈ ಕೆಲಸಕ್ಕೆ ಕುಟುಂಬಶ್ರೀಯ ನೆರೆಕೂಟಗಳಿಗಿಂತ ಒಳ್ಳೆಯ ಜನ ಸಿಗಲಾರರು. ಪುಸ್ತಕದಲ್ಲಿ ಬರೆಯಲು, ಗ್ರಾಮಸಭೆಯಲ್ಲಿ ಎದ್ದು ಕೇಳಲು ಯಾವ ಮಂಡಳಿಯ ಮಾನ್ಯತೆಯೂ ಬೇಡ.

ನಿಮ್ಮ ಮನೆಯಲ್ಲಿ ಹೆಣ್ಣುನಾಯಿ ಇದ್ದರೆ, ಅದಕ್ಕೆ ಆರು ತಿಂಗಳು ದಾಟಿದ್ದರೆ, ಈ ಸಲ ಆಟಿ ಮುಗಿದು ಸೋಣ ಬರುವ ಮೊದಲು ಮೃಗಾಸ್ಪತ್ರೆಯ ವೈದ್ಯರನ್ನು ಕಂಡು ಶಸ್ತ್ರಚಿಕಿತ್ಸೆ ಎಲ್ಲಿ ಮಾಡುತ್ತಾರೆಂದು ಕೇಳಿ. ಬೆಕ್ಕಿಗೂ ಹಾಗೆಯೇ. ಗರ್ಭಕೋಶ, ಅಂಡಾಶಯ ತೆಗೆದ ನಾಯಿ ಹತ್ತು ದಿನದಲ್ಲಿ ಮೊದಲಿನಂತೆ ಅಂಗಳ ಕಾಯುತ್ತದೆ, ಬೊಗಳುತ್ತದೆ, ನೀವು ಬರುವಾಗ ಬಾಲ ಆಡಿಸುತ್ತದೆ. ಈಗಾಗಲೇ ಮರಿ ಹಾಕಿದ್ದರೆ, ದಯವಿಟ್ಟು ಚೀಲ ಕಟ್ಟಬೇಡಿ. ಹೆಣ್ಣುಮರಿ ಒಯ್ಯುವವರಿಗೆ ಅದರ ಶಸ್ತ್ರಚಿಕಿತ್ಸೆಯ ಖರ್ಚನ್ನು ನಾವೇ ಕೊಡುತ್ತೇವೆ ಎಂದು ಹೇಳಿ ನೋಡಿ.