ಗುಬ್ಬಿ ಬ್ಯಾನರಿನ ನರ್ತಕಿ

ಗುಬ್ಬಿ ವೀರಣ್ಣನವರ ಸಿನಿಮಾ ಅಂದ್ರೆ ನಮ್ಮ ತುಮಕೂರು ಕಡೆ ಎಲ್ಲರಿಗೂ 1954ರ ‘ಬೇಡರ ಕಣ್ಣಪ್ಪ’, ರಾಜ್‌ಕುಮಾರ್ ನೆನಪಾಗ್ತಾರೆ. ಸರಿಯೇ. ಆದರೆ ಅದರ ಹಿಂದಿನ ವರ್ಷ ಅದೇ ಬ್ಯಾನರಿನ ‘ಗುಣಸಾಗರಿ’ಯಿಂದ ಚಿತ್ರರಂಗಕ್ಕೆ ಬಂದ ರಾಜಸುಲೋಚನಾ ಹೆಸರು ಹೇಳಿ ನೋಡಿ, “ಯಾರವರು?” ಅಂತಾರೆ! ಭರತನಾಟ್ಯ, ಕೂಚಿಪುಡಿ ಎರಡನ್ನೂ ಕಲಿತಿದ್ದ ಈಕೆಯನ್ನು ಆಮೇಲೆ ತಮಿಳು, ತೆಲುಗಿನವರು ನಾಯಕಿ ಮಾಡಿಕೊಂಡರು. ಮದ್ರಾಸಿನಲ್ಲಿ ‘ಪುಷ್ಪಾಂಜಲಿ’ ಎಂಬ ನೃತ್ಯಶಾಲೆಯನ್ನೂ ಕಟ್ಟಿದರು.

ಇಂಥ ಮರೆವು ಇಲ್ಲಿ ಮಾತ್ರ ಅಲ್ಲ ಬಿಡಿ. ಹಾಲಿವುಡ್‌ನ ‘ವೈಟ್ ಕ್ರಿಸ್‌ಮಸ್’ನಲ್ಲಿ ಅಷ್ಟು ಚೆಂದ ಕುಣಿದವರು ವೆರಾ-ಎಲೆನ್, ಜನರ ನೆನಪಲ್ಲಿ ಉಳಿದದ್ದು ಹಾಡಿದ ಬಿಂಗ್ ಕ್ರಾಸ್ಬಿ.

ರಾಜಸುಲೋಚನಾ 2013ರ ಮಾರ್ಚ್‌ನಲ್ಲಿ ಚೆನ್ನೈನಲ್ಲಿ ತೀರಿಕೊಂಡರು. ನಮ್ಮೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಮಕ್ಕಳು ಗೆಜ್ಜೆ ಕಟ್ಟಿ ನಿಂತಾಗ, ನಿರೂಪಣೆ ಮಾಡೋರು ಒಮ್ಮೆಯಾದರೂ ಆ ಹೆಸರು ಹೇಳಬಾರದೇ ಅಂತ ನನಗನ್ನಿಸುತ್ತೆ.